ಒಂದು ಚುರುಟಿನ ಪರೀಕ್ಷೆ

ನನ್ನ ಸೋದರಳಿಯನೊಬ್ಬನು ಅಮೇರಿಕಾ ದೇಶದಲ್ಲಿ ಉದ್ಯೋಗದಲ್ಲಿರುವನು. 2025ನೆಯ ಇಸವಿಯ ಮೇ ತಿಂಗಳಲ್ಲಿ ನನಗೆ ಎಪ್ಪತ್ತು ತುಂಬಿದಾಗ ಅವನು ರಜೆಯಲ್ಲಿ ಊರಿಗೆ ಬಂದಿದ್ದನು. ಬಂಧುಗಳು ವಾಡಿಕೆಯಂತೆ ಶಾಲು ಹೊದಿಸಿ, ಹಣ್ಣು ಕೊಟ್ಟು ನಮಸ್ಕರಿಸಿದರು. ಇವನು ಮಾತ್ರ ಊಟವಾದ ಮೇಲೆ ನನ್ನನ್ನು ತೋಟದ ಕಡೆಗೆ ಕರೆದು, ಮನೆಯವರ ಕಣ್ಣಿಗೆ ಬೀಳದಂತೆ ಒಂದು ಸಣ್ಣ ಮರದ ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟನು. ತೆರೆದು ನೋಡಿದರೆ ಒಳಗೆ ಒಂದೇ ಒಂದು ಚುರುಟು! ಮದುಮಗನ ಬೆರಳಿಗೆ ಉಂಗುರವಿದ್ದಂತೆ ಅದರ ಕೊರಳಿಗೆ ಕಪ್ಪು ಮತ್ತು ಚಿನ್ನದ ಬಣ್ಣದ ಒಂದು ಕಾಗದದ ಪಟ್ಟಿಯಿತ್ತು. ಮಧ್ಯ ಅಮೇರಿಕದ ನಿಕರಾಗುವಾದಲ್ಲಿ ಕೈಯಿಂದ ಸುತ್ತಿದ್ದಂತೆ. ಆ ವರ್ಷ ಇಷ್ಟೇ ಪೆಟ್ಟಿಗೆಗಳು, ಮತ್ತೆ ಮಾಡುವುದಿಲ್ಲ ಎಂದು ಜತೆಗಿದ್ದ ಚೀಟಿಯಲ್ಲಿ ಅಚ್ಚಾಗಿತ್ತು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಗೆಸೊಪ್ಪಿನ ಜಾಹೀರಾತು ಈ ಪತ್ರಿಕೆಯ ಕೆಲಸವಲ್ಲ. ಮೇಲಾಗಿ ಮುಂದೆ ನಾನು ಹೇಳಲಿರುವ ಒಂದು ದೋಷಕ್ಕಾಗಿ ಆ ಮನೆತನದ ಮಾನವನ್ನು ಬಂಟ್ವಾಳದಲ್ಲಿ ಹರಾಜಿಗೆ ಹಾಕುವುದೂ ಸರಿಯಲ್ಲ.

“ಮಾವ, ನೀವು ಇದನ್ನು ಸೇದಿ ಹೇಗಿದೆಯೆಂದು ನನಗೆ ಬರೆಯಬೇಕು. ಅಲ್ಲಿ ಇದರ ಪರೀಕ್ಷೆಗೆಂದೇ ಜನರಿದ್ದಾರೆ” ಎಂದನು.

ವಾಚಕರಿಗೆ ಮೊದಲೇ ನಿವೇದಿಸಿಕೊಳ್ಳಬೇಕಾದ ಒಂದು ಸಂಗತಿಯುಂಟು. ನಾನು ಹಿಂದೆ ಧೂಮಪಾನಿಯಾಗಿದ್ದವನು. ಹದಿನಾಲ್ಕು ವರ್ಷಗಳ ಹಿಂದೆ ಒಂದು ಮುಂಜಾನೆ ಎದೆ ಹಿಂಡಿದಂತಾಗಿ, ಮಂಗಳೂರಿನ ವೈದ್ಯರ ಕೈಯಲ್ಲಿ ಮರುಹುಟ್ಟು ಪಡೆದು ಬಂದ ಮೇಲೆ ಅದನ್ನು ತೊರೆದೆನು. ಚುರುಟಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ನಿಲ್ಲಿಸಿ ರುಚಿ ನೋಡಿ ಬಿಡುವುದಷ್ಟೆ ಎಂದು ಅಳಿಯನು ಸಮಾಧಾನ ಹೇಳಿದನಾದರೂ, ಬಾಯಿ ಗಂಟಲುಗಳ ಅರ್ಬುದರೋಗಕ್ಕೆ ಅದೂ ದಾರಿಯೇ ಎಂಬುದನ್ನು ನಾನು ಬಲ್ಲೆ. ಹೀಗಿರಲು ಆ ಪೆಟ್ಟಿಗೆಯನ್ನು ಮನೆಯಾಕೆಯಿಂದ ಎಷ್ಟು ದಿನ ಮುಚ್ಚಿಡಲಾದೀತು? ಮೂರನೆಯ ದಿನವೇ ಅವಳಿಗೆ ತಿಳಿಯಿತು. ಅವಳು ಜಗಳವಾಡಲಿಲ್ಲ. “ಒಂದೇ, ಅದೂ ಪೂರ್ತಿಯಲ್ಲ, ಮನೆಯೊಳಗಂತೂ ಅಲ್ಲ” ಎಂದು ಮೂರು ಷರತ್ತುಗಳನ್ನು ವಿಧಿಸಿದಳು. ಮಳೆಗಾಲ ಮುಗಿದ ಮೇಲೆ ನೋಡೋಣವೆಂದು ನಾನು ಒಪ್ಪಿದೆನು.

ಆದರೆ ಮಳೆಗಾಲವನ್ನು ಆ ಚುರುಟು ದಾಟುವುದು ಹೇಗೆ? ಗಾಳಿಯ ತೇವವು ನೂರಕ್ಕೆ ಅರುವತ್ತೈದರಿಂದ ಎಪ್ಪತ್ತರವರೆಗೆ ಇದ್ದರೆ ಚುರುಟಿಗೆ ಹಿತವಂತೆ. ಅದಕ್ಕಿಂತ ಕಡಿಮೆಯಾದರೆ ಎಲೆ ಬಿರಿಯುವುದು, ಹೆಚ್ಚಾದರೆ ಬೂಸಲು ಹಿಡಿಯುವುದು. ನಮ್ಮ ಆಷಾಢದ ಗಾಳಿಯಾದರೋ ಹಿಂಡಿದರೆ ನೀರು ಸುರಿಯುವಂಥದು! ಗೋಡೆಗೆ ತೂಗಹಾಕಿದ ಚರ್ಮದ ಚೀಲಕ್ಕೆ ಎಂಟು ದಿನಗಳಲ್ಲಿ ಹಸಿರು ಗಡ್ಡ ಬರುವ ಸೀಮೆಯಿದು. ಕೊನೆಗೆ ಮನೆಯಾಕೆಯೇ ಒಂದು ಗಾಜಿನ ಭರಣಿಯನ್ನು ಮೂರು ಸಲ ತೊಳೆದು, ಬಿಸಿಲಿಗಿಟ್ಟು ಕೊಟ್ಟಳು. ತೇವವನ್ನು ಹದದಲ್ಲಿಡುವ ಸಣ್ಣ ಪೊಟ್ಟಣವೊಂದು ಪೆಟ್ಟಿಗೆಯ ಜತೆಗೇ ಬಂದಿತ್ತು. ಎರಡನ್ನೂ ಭರಣಿಯೊಳಗಿಟ್ಟು ಬಿಗಿಯಾಗಿ ಮುಚ್ಚಿ, ಅಕ್ಕಿಮುಡಿಯ ಪಕ್ಕದಲ್ಲಿ ಕತ್ತಲೆಯಲ್ಲಿಟ್ಟೆವು. ಅದು ಹಿಂದೆ ಮಾವಿನಮಿಡಿಯ ಉಪ್ಪಿನಕಾಯಿಯ ಭರಣಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನು ಈ ಮಿತಸಂಖ್ಯೆಯ ಚುರುಟುಗಳ ವಿಚಾರವಾಗಿ ನಾನು ಓದಿ ತಿಳಿದುದು ಸ್ವಲ್ಪ. ಕ್ಯೂಬಾ ದೇಶದವರು 2000ನೆಯ ಇಸವಿಯಿಂದ ವರ್ಷವರ್ಷವೂ ಕೆಲವು ಬಗೆಗಳನ್ನು ಹೀಗೆ ಎಣಿಕೆಯಿಟ್ಟು ಹೊರಡಿಸುತ್ತ ಬಂದಿರುವರು. ಅವುಗಳ ಹೊದಿಕೆಯ ಎಲೆಯನ್ನು ಕಡಿಮೆಯೆಂದರೆ ಎರಡು ವರ್ಷ ಹಳತು ಮಾಡುವರು. ಅದನ್ನು ಕಂಡು ಉಳಿದವರೂ ಕಲಿತರು. ಹಳತಾದಷ್ಟೂ ಬೆಲೆ ಏರುವ ವಸ್ತು ನಮಗೇನೂ ಹೊಸತಲ್ಲ. ಹೊಸ ಚಾಲಿಗಿಂತ ಹಳೆ ಚಾಲಿಗೆ ಹೆಚ್ಚು ಬೆಲೆಯೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಒಂದೇ ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ಬೇರ್ಪಡಿಸುವ ಹೆಂಗಸರ ಬೆರಳುಗಳ ವೇಗವನ್ನು ಕಂಡವರು, ಪರೀಕ್ಷೆಯೆಂಬ ಕಲೆ ಪರದೇಶದ್ದೆಂದು ಹೇಳಲಾರರು.

ಹೊಗೆಸೊಪ್ಪು ಮಾತ್ರ ಪರದೇಶದಿಂದ ಬಂದುದೇ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದುದು ಕಾಳುಮೆಣಸಿಗಾಗಿ. ಬರುವಾಗ ಗೇರು, ಅನಾನಸು, ಹಸಿಮೆಣಸಿನಕಾಯಿಗಳನ್ನು ತಂದಂತೆ ಇದನ್ನೂ ತಂದರು. 1604ರ ಸುಮಾರಿಗೆ ಅಕ್ಬರ ಬಾದಶಹನ ದೂತನಾಗಿ ವಿಜಾಪುರಕ್ಕೆ ಹೋಗಿದ್ದ ಅಸದ್ ಬೇಗನೆಂಬವನು ಅಲ್ಲಿ ಈ ಸೊಪ್ಪನ್ನು ಮೊದಲ ಸಲ ಕಂಡು, ಬೆರಗಾಗಿ, ರತ್ನ ಕೆತ್ತಿದ ಒಂದು ಕೊಳವೆಯೊಡನೆ ಅದನ್ನು ಬಾದಶಹನ ಒಡ್ಡೋಲಗಕ್ಕೆ ಒಯ್ದನು. ಬಾದಶಹನು ಕೆಲವು ಸೇದು ಎಳೆದು ನೋಡಿದನಂತೆ, ರಾಜವೈದ್ಯನು ಬೇಡವೆಂದು ತಡೆದನಂತೆ, ಸಭೆಯಲ್ಲಿ ವಾದವಾಯಿತಂತೆ. ಅಕ್ಬರನು ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಅಮೀರರು ಬಿಡಲಿಲ್ಲ. ಅವನ ಮಗ ಜಹಾಂಗೀರನು 1617ರಲ್ಲಿ ನಿಷೇಧಿಸಿದರೂ ಪ್ರಯೋಜನವಾಗಲಿಲ್ಲ. ಒಟ್ಟಿನಲ್ಲಿ ಉತ್ತರದ ಒಡ್ಡೋಲಗಕ್ಕೆ ಹೊಗೆಯ ರುಚಿ ಹತ್ತಿಸಿದ ಕೀರ್ತಿಯೋ ಅಪಕೀರ್ತಿಯೋ ಕನ್ನಡ ನಾಡಿನ ವಿಜಾಪುರಕ್ಕೆ ಸೇರಿದುದು. ಇರಲಿ.

ಕಾರ್ತಿಕದಲ್ಲಿ ಆಕಾಶ ತಿಳಿಯಾಯಿತು. ಒಂದು ಸಂಜೆ ಭರಣಿಯನ್ನು ತೆಗೆದು, ಚೀಟಿಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ಓದಿದೆನು. ಚುರುಟನ್ನು ಮೂರು ಪಾಲಾಗಿ ಎಣಿಸಿ ರುಚಿ ನೋಡಬೇಕೆಂಬುದು ಆ ಜನರ ಕ್ರಮ. ಮೊದಲ ಪಾಲಿನಲ್ಲಿ ಕಾಳುಮೆಣಸು, ಎರಡನೆಯದರಲ್ಲಿ ಕೊಕ್ಕೋ, ಕಡೆಯಲ್ಲಿ ಹುರಿದ ಕಾಫಿ ಮತ್ತು ಹಳೆಯ ಚರ್ಮ ತೋರುವುವು ಎಂದು ಬರೆದಿತ್ತು. ನನಗೆ ನಗು ತಡೆಯಲಿಲ್ಲ. ಮೆಣಸಿನ ಬಳ್ಳಿ ನಮ್ಮ ಅಡಿಕೆಮರಕ್ಕೆ ಹಬ್ಬಿದೆ. ಅದರ ಕೆಳಗೆ ಕೊಕ್ಕೋ ಗಿಡಗಳಿವೆ. ಪುತ್ತೂರಿನಲ್ಲಿ ಕ್ಯಾಂಪ್ಕೋದವರು 1986ರಲ್ಲಿ ಚಾಕಲೇಟಿನ ಕಾರ್ಖಾನೆ ತೆರೆದಂದಿನಿಂದ ಕೊಕ್ಕೋ ನಮ್ಮ ತೋಟದ ಮನೆಮಗಳು. ಮೆಣಸಿಗಾಗಿ ಬಂದವರು ಹೊಗೆಸೊಪ್ಪನ್ನು ಕೊಟ್ಟುಹೋದರು. ಈಗ ಆ ಹೊಗೆಯಲ್ಲಿ ಮೆಣಸಿದೆಯೇ ಎಂದು ನಾವು ಮೂಸಿ ನೋಡಬೇಕು! ಆದರೂ ಪರೀಕ್ಷೆಯೆಂದ ಮೇಲೆ ಶ್ರದ್ಧೆಯಿಂದಲೇ ಮಾಡಬೇಕಷ್ಟೆ. ನಾಲ್ಕು ಕಾಳುಮೆಣಸನ್ನು ಕಲ್ಲಿನಲ್ಲಿ ಜಜ್ಜಿ, ಹುಳಿಬರಿಸಿ ಒಣಗಿಸಿದ ಒಂದು ಹಿಡಿ ಕೊಕ್ಕೋ ಬೀಜವನ್ನು ಬಟ್ಟಲಲ್ಲಿಟ್ಟು, ಮೂಗಿನ ಸಾಕ್ಷಿಗೆಂದು ಜತೆಗಿಟ್ಟುಕೊಂಡೆನು. ಕೊಕ್ಕೋ ಬೀಜವನ್ನು ಬಾಳೆಯೆಲೆ ಮುಚ್ಚಿ ರಾಶಿ ಹಾಕಿದಾಗ ಅದು ತನ್ನಷ್ಟಕ್ಕೆ ಕಾವೇರುವುದಲ್ಲವೆ? ಚುರುಟಿನ ಸೊಪ್ಪನ್ನೂ ಹಾಗೆಯೇ ರಾಶಿ ಹಾಕಿ, ಕಾವೇರಿದಂತೆ ಮಗುಚಿ ಮಗುಚಿ ಅದರ ಕಾಟನ್ನು ಇಳಿಸುವರು. ಎರಡಕ್ಕೂ ಒಂದೇ ಬಗೆಯ ಪರಿಮಳ ಬಂದರೆ ಆಶ್ಚರ್ಯವಿಲ್ಲ.

ಮನೆಯೊಳಗೆ ಕೂಡದಾದುದರಿಂದ ಅಂಗಳದ ತುದಿಯ ಕಟ್ಟೆಯಲ್ಲಿ ಕುಳಿತೆನು. ನಮ್ಮ ಮನೆ ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವ ಮಾರ್ಗದ ಬದಿಯಲ್ಲಿದೆ. ಕಟ್ಟೆಯ ಆಚೆ ಒಂದು ಬೇಲಿ. ಬೇಲಿಯ ಆಚೆ ನೆರೆಯ ಅಕ್ಕನ ಜಗಲಿ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವರಾದರೂ ನಾನು ಅವರನ್ನು ಅಕ್ಕನೆಂದೇ ಕರೆಯುವುದು. ಮದುವೆಯಾಗಿ ಈ ಊರಿಗೆ ಬಂದವರು. ಗಂಡ ತೀರಿಹೋಗಿ ಬಹಳ ವರ್ಷಗಳಾದವು. ಬೀಡಿ ಕಟ್ಟಿ ಎರಡು ಹೆಣ್ಣುಮಕ್ಕಳನ್ನು ಓದಿಸಿದರು. ಬೀಡಿ ಕಾರ್ಮಿಕರ ಕ್ಷೇಮನಿಧಿಗಾಗಿ 1976ರಲ್ಲಿ ಕಾನೂನು ಬಂದಿತಲ್ಲ, ಅದರಿಂದ ದೊರೆತ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿಕೊಟ್ಟವನು ನಾನೇ. ಆ ಸಂಜೆಯೂ ಅವರು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಕೈ ಕಾಣಿಸುವುದಿಲ್ಲ, ಬೀಡಿ ಮಾತ್ರ ಮೊರದಲ್ಲಿ ಹೆಚ್ಚುತ್ತ ಹೋಗುವುದು.

“ಅದೆಂಥದು ಮಾಷ್ಟ್ರೆ, ಅಷ್ಟು ದೊಡ್ಡ ಬೀಡಿ?” ಎಂದು ಕೇಳಿದರು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಾನು ಬೇಲಿಯ ಬಳಿಗೆ ಹೋಗಿ ಕೊಟ್ಟೆನು. ಅವರು ಸೆರಗಿನಲ್ಲಿ ಕೈಯೊರಸಿಕೊಂಡು ತೆಗೆದುಕೊಂಡರು. ಜನ್ಮದಲ್ಲಿ ಬೀಡಿಯನ್ನು ತುಟಿಗಿಟ್ಟವರಲ್ಲ. ಆದರೆ ಅದನ್ನು ಹಿಡಿದ ಬಗೆಯನ್ನು ಕಂಡು, ಇನ್ನು ಈ ಪರೀಕ್ಷೆಯಲ್ಲಿ ನನ್ನ ಕೆಲಸವೇನೂ ಉಳಿಯಲಿಲ್ಲವೆಂದು ನನಗೆ ತೋರಿತು. ಮೊದಲು ತೂಕ ನೋಡಿದರು. ಬಳಿಕ ಎಲೆಯ ಅಂಚು ಎಲ್ಲಿ ಮುಗಿದಿದೆಯೆಂದು ಉಗುರಿನಿಂದ ಹುಡುಕಿದರು. “ನೂಲಿಲ್ಲದೆ ನಿಲ್ಲಿಸಿದ್ದಾರಲ್ಲ!” ಎಂದು ಮೆಚ್ಚಿ, ತಲೆಯ ಟೊಪ್ಪಿಯನ್ನು ಅಂಟಿನಿಂದ ಕೂಡಿಸಿದ ನಯವನ್ನು ಎರಡು ಸಲ ಸವರಿದರು. ಎಲೆಯ ನರ ಒಂದು ದಪ್ಪವೆಂದರು. ಹೊರಗಿನ ಎಲೆ, ಅದರೊಳಗೆ ಕಟ್ಟುವ ಎಲೆ, ಅದರೊಳಗೆ ಉದ್ದುದ್ದದ ತುಂಬು ಎಲೆ ಎಂದು ಚುರುಟಿಗೆ ಮೂರು ಪದರವಿರುವುದನ್ನು ನಾನು ಓದಿದ ವಿದ್ಯೆಯಿಂದ ವಿವರಿಸಿದೆನು. ಅವರು ತಲೆಯಾಡಿಸುತ್ತ, ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಬುಡದಿಂದ ತಲೆಯವರೆಗೆ ಮೆಲ್ಲಗೆ ಒತ್ತುತ್ತ ಹೋದರು. ಮೂರನೆಯ ಒಂದು ಪಾಲು ಸಾಗಿದಲ್ಲಿ ಬೆರಳು ನಿಂತಿತು.

“ಇಲ್ಲಿ ಹೊಟ್ಟೆ ಖಾಲಿ. ಇಲ್ಲಿಗೆ ಬಂದಾಗ ಒಂದು ಬದಿ ಓಡುತ್ತದೆ ನೋಡಿ” ಎಂದರು.

ನಾನೂ ಒತ್ತಿ ನೋಡಿದೆನು. ನನಗೇನೂ ತಿಳಿಯಲಿಲ್ಲ.

ದಿನಕ್ಕೆ ಇಂಥವನ್ನು ಎಷ್ಟು ಸುತ್ತುವರೆಂದು ಕೇಳಿದರು. ಒಳ್ಳೆಯ ಕೈಯಾದರೆ ನೂರರ ಆಸುಪಾಸು ಎಂದೆನು. “ನೂರೇ!” ಎಂದು, ತನ್ನ ಮೊರದ ಕಡೆಗೊಮ್ಮೆ ನೋಡಿದರು. ಬೆಲೆಯನ್ನು ಕೇಳಿದಾಗ ಅಳಿಯನು ಹೇಳಿದ್ದರಲ್ಲಿ ಅರ್ಧವನ್ನು ಹೇಳಿದೆನು. ಅಷ್ಟಕ್ಕೂ ಅವರು ಸ್ವಲ್ಪ ಹೊತ್ತು ಸುಮ್ಮನಾಗಿ ಮನಸ್ಸಿನಲ್ಲಿ ಏನನ್ನೋ ಭಾಗಿಸುತ್ತಿದ್ದಂತೆ ಕಂಡಿತು. ನಾನು ಮಾತು ಮರೆಸಲು, ಹವಾನಾ ಪಟ್ಟಣದ ಚುರುಟಿನ ಕಾರ್ಖಾನೆಗಳಲ್ಲಿ 1865ರಿಂದಲೂ ಕೆಲಸಗಾರರ ನಡುವೆ ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ವೃತ್ತಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯಿದೆಯೆಂದೂ, ನಮ್ಮ ಸಮೀಪದ ಕಣ್ಣೂರಿನ ಬೀಡಿ ಕೆಲಸಗಾರರಲ್ಲಿಯೂ ಹಾಗೆ ಪತ್ರಿಕೆ ಓದುವ ರೂಢಿಯಿತ್ತೆಂದೂ ಹೇಳಿದೆನು. “ನಮಗೆ ಆಕಾಶವಾಣಿಯ ತಾಳಮದ್ದಳೆ ಇತ್ತು. ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಪಾನಿಪತದ ಯುದ್ಧ ಮೂರೂ ನನಗೆ ಬರುತ್ತದೆ” ಎಂದರು.

ಆಮೇಲೆ ಅವರು ಚುರುಟನ್ನು ಮರಳಿ ಕೊಡುವ ಮೊದಲು ಅದನ್ನು ಪಡುವಣ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದರು. “ನೀವು ಹೀಗೆಯೇ ನೋಡುತ್ತಿದ್ದಿರಿ” ಎಂದರು.

ನನ್ನ ಕೈ ಬೇಲಿಯ ಮೇಲೆಯೇ ಉಳಿಯಿತು.

ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ವಾಚಕರಿಗೆ ತಿಳಿಯದು. ಮಾಸ್ತರಿಕೆ ಸಿಕ್ಕುವ ಮೊದಲು, ಇಪ್ಪತ್ತನೆಯ ವಯಸ್ಸಿನಲ್ಲಿ, ನಾನು ಬೆಳ್ತಂಗಡಿಯ ಕಡೆಗೆ ಹೋಗುವ ಮಾರ್ಗದಲ್ಲಿದ್ದ ಒಂದು ಬೀಡಿ ಬ್ರಾಂಚಿನಲ್ಲಿ ಗುಮಾಸ್ತನಾಗಿದ್ದೆನು. ನೇತ್ರಾವತಿಯಲ್ಲಿ 1974ರ ದೊಡ್ಡ ನೆರೆ ಬಂದುದರ ಮರುವರ್ಷ ಅದು. ಬ್ರಾಂಚೆಂದರೆ ಎರಡು ಕೋಣೆಯ ಹಂಚಿನ ಮನೆ. ಒಂದು ಕೋಣೆಯಲ್ಲಿ ಉತ್ತರದ ಕಾಡುಗಳಿಂದ ಬಂದ ಬೀಡಿ ಎಲೆಯ ಗೋಣಿಗಳು, ಹೊಗೆಸೊಪ್ಪಿನ ಪುಡಿಯ ಚೀಲಗಳು. ಇನ್ನೊಂದರಲ್ಲಿ ತಕ್ಕಡಿ, ಮೇಜು, ನಾನು. ಊರ ಹೆಂಗಸರು ಎಲೆ, ಪುಡಿ, ನೂಲುಗಳನ್ನು ಒಯ್ದು, ಮನೆಯಲ್ಲಿ ಎಲೆ ನೆನೆಸಿ, ತಗಡಿನ ಅಳತೆಯಿಟ್ಟು ಕತ್ತರಿಸಿ, ಬೀಡಿ ಕಟ್ಟಿ, ಸಾಯಂಕಾಲ ತರುವರು. ನಾನು ಅವನ್ನು ಎಣಿಸಿ, ಕಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಒತ್ತಿ, ಕೆಟ್ಟವನ್ನು ತಳ್ಳಿ, ಉಳಿದುದನ್ನು ಪುಸ್ತಕದಲ್ಲಿ ಬರೆಯಬೇಕು. ತಳ್ಳಿದ ಬೀಡಿಗೆ ಕೂಲಿಯಿಲ್ಲ. ತಳ್ಳಿದ ಬೀಡಿಯನ್ನು ಹಿಂದಕ್ಕೆ ಕೊಡುವುದೂ ಇಲ್ಲ.

ಬೀಡಿ ಕಟ್ಟುವವರನ್ನೂ ಚುರುಟು ಸುತ್ತುವವರನ್ನೂ ಒಂದೇ ಹೊದಿಕೆಯಡಿ ತಂದ ಕಾಯಿದೆಯೊಂದು 1966ರಲ್ಲಿ ನಮ್ಮ ದೇಶದಲ್ಲಿ ಆಗಿತ್ತು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯೆಂದೇ ಅದರ ಹೆಸರು. ಈಗ ಅದು 2020ರ ಕಾರ್ಮಿಕ ಸಂಹಿತೆಗಳಲ್ಲಿ ಒಂದರೊಳಗೆ ಲೀನವಾಗಿದೆ. ಆ ಕಾಯಿದೆಯಡಿ ಮಾಡಿದ ನಿಯಮಗಳಲ್ಲಿ, ಸಾಧಾರಣವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ತಳ್ಳಬಾರದೆಂಬ ಮಿತಿಯಿತ್ತು. ಮಾಲಿಕರು ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಬಡವರ ರಕ್ಷಣೆಗೆಂದು ಕಟ್ಟಿದ ಗೋಡೆಯಿದು. ನಾನಿದ್ದ ಬ್ರಾಂಚಿನ ಯಜಮಾನರು ಅದನ್ನು ಬೇರೆ ವಿಧವಾಗಿ ಅರ್ಥ ಮಾಡಿದ್ದರು. ಐದಕ್ಕಿಂತ ಹೆಚ್ಚು ತಳ್ಳಬಾರದೆಂದರೆ ಐದನ್ನು ತಳ್ಳಬಹುದು, ತಳ್ಳಬಹುದೆಂದರೆ ತಳ್ಳಲೇಬೇಕು! ಸಾವಿರಕ್ಕೆ ಐವತ್ತು, ಅಂದರೆ ಇಪ್ಪತ್ತೈದರ ಎರಡು ಕಟ್ಟು. ದಿನದ ಕೊನೆಗೆ ಅಷ್ಟು ತಳ್ಳಿದ ಬೀಡಿ ಮೇಜಿನ ಕೆಳಗಿರದಿದ್ದರೆ ನನ್ನ ಕಣ್ಣು ಮಂದವೆಂದು ಅವರು ಹೇಳುವರು. ರಾತ್ರಿ ಆ ಬೀಡಿಗಳು ಉಳಿದವುಗಳ ಜತೆಗೇ ಸೇರಿ, ಅದೇ ಚೀಟಿಯನ್ನು ಅಂಟಿಸಿಕೊಂಡು ಪೇಟೆಗೆ ಹೋಗುತ್ತಿದ್ದುವು. ಇದನ್ನು ನಾನು ಕಣ್ಣಾರೆ ಬಲ್ಲೆ.

ಆಷಾಢದ ಒಂದು ಸಂಜೆ ಒಬ್ಬ ಹೆಂಗಸು ಗೊರಬೆಯ ಕೆಳಗೆ ಬೀಡಿಯ ಗಂಟನ್ನು ಎದೆಗವಚಿಕೊಂಡು ಬಂದಳು. ಅವಳು ಆ ದಿನದ ಕೊನೆಯವಳು. ಅವಳ ಹಿಂದೆ ಒಂದು ಹುಡುಗಿ, ಹನ್ನೆರಡರ ಪ್ರಾಯವಿರಬಹುದು, ಬಾಗಿಲ ಕಂಬವನ್ನು ಹಿಡಿದುಕೊಂಡು ನಿಂತಿತ್ತು. ಗಂಟನ್ನು ಬಿಚ್ಚಿದೆನು. ಒಂದು ಹನಿ ನೀರು ತಾಗಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಬೀಡಿ ಆ ಬ್ರಾಂಚಿಗೆ ಬರುತ್ತಿದ್ದುದು ಅಪರೂಪ. ಆದರೆ ಆ ದಿನದ ಲೆಕ್ಕಕ್ಕೆ ಎರಡು ಕಟ್ಟು ಕಡಿಮೆಯಿತ್ತು. ನಾನು ಒಂದು ಕಟ್ಟನ್ನು ದೀಪಕ್ಕೆ ಎತ್ತಿ ಹಿಡಿದೆನು, ಒಂದು ಕಣ್ಣು ಮುಚ್ಚಿದೆನು, “ಎಲೆ ತೇವ” ಎಂದೆನು. ಮಳೆಗಾಲದಲ್ಲಿ ತೇವವಿಲ್ಲದ ವಸ್ತು ಯಾವುದು? ಎರಡು ಕಟ್ಟುಗಳನ್ನು ಮೇಜಿನ ಕೆಳಗೆ ಹಾಕಿದೆನು. ಆ ಹೆಂಗಸು ಏನೂ ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಕೈಯನ್ನು ನೋಡಿದಳು.

ಆ ರಾತ್ರಿ ಬಾಗಿಲು ಹಾಕಿದ ಮೇಲೆ, ಆ ಕಟ್ಟಿನಿಂದ ಒಂದು ಬೀಡಿಯನ್ನು ಎಳೆದು ಹಚ್ಚಿದೆನು. ಯಾಕೆ ಹಚ್ಚಿದೆನೆಂಬುದನ್ನು ಈಗ ಹೇಳಲಾರೆ. ದೋಷವಿದೆಯೆಂದು ನನಗೆ ನಾನೇ ಸಿದ್ಧಮಾಡಿಕೊಳ್ಳಬೇಕೆಂಬ ಆಸೆಯಿದ್ದರೂ ಇರಬಹುದು. ಬೀಡಿ ಒಂದೇ ಹದದಲ್ಲಿ, ಒಮ್ಮೆಯೂ ಆರದೆ, ಕೊನೆಯವರೆಗೆ ಉರಿಯಿತು. ನನ್ನ ಆಯುಷ್ಯದಲ್ಲಿ ನಾನು ಮನಸ್ಸಿಟ್ಟು ಮಾಡಿದ ಮೊದಲನೆಯ ಧೂಮಪರೀಕ್ಷೆ ಅದು. ಮರುದಿನ ಅದರ ಫಲಿತಾಂಶವನ್ನು ಪುಸ್ತಕದಲ್ಲಿ ತಿದ್ದಬಹುದಾಗಿತ್ತು. ತಿದ್ದಲಿಲ್ಲ. ಎರಡು ವರ್ಷ ಅಲ್ಲಿಯೇ ಇದ್ದೆನು.

“ಆ ಹುಡುಗಿ ನೀವೆಯೊ?” ಎಂದು ಕೇಳಿದೆನು.

“ಮತ್ತೆ ಯಾರು? ನೀವು ಇಲ್ಲಿಗೆ ಬಂದು ಮನೆ ಕಟ್ಟಿಸಿದ ದಿನವೇ ಗುರುತು ಸಿಕ್ಕಿತ್ತು” ಎಂದರು. ಇಪ್ಪತ್ತೆರಡು ವರ್ಷಗಳಿಂದ ನಾವು ನೆರೆಯವರು! ಅರ್ಜಿಗಳಿಗೆ ನಾನು ರುಜು ಹಾಕುವಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದುದುಂಟು. ಅಕ್ಷರ ನೋಡುತ್ತಿರುವರೆಂದು ನಾನು ತಿಳಿದಿದ್ದೆನು.

ನನಗೆ ಹೇಳಬೇಕಾದುದು ಗಂಟಲಿಗೆ ಬಂದಿತು. ಆದರೆ ಎಪ್ಪತ್ತರ ಪ್ರಾಯದಲ್ಲಿಯೂ ಕೆಲವು ಮಾತುಗಳಿಗೆ ಆಸರೆ ಬೇಕಾಗುತ್ತದೆ. ನಾನು ಕಟ್ಟೆಗೆ ಹಿಂದಿರುಗಿ, ಚುರುಟಿನ ತಲೆಯನ್ನು ಅಡಕತ್ತರಿಯಿಂದ ಸ್ವಲ್ಪವೇ ಕತ್ತರಿಸಿ, ಬೆಂಕಿಕಡ್ಡಿ ಗೀರಿದೆನು. ಪರೀಕ್ಷೆಯ ವರದಿಯನ್ನು ಅಳಿಯನಿಗೆ ಬರೆಯಬೇಕಾಗಿದ್ದುದರಿಂದ ಗಮನವಿಟ್ಟೇ ಸೇದಿದೆನು. ಮೊದಲ ನಾಲ್ಕು ಸೇದಿಗೆ ನಾಲಗೆಯ ತುದಿಯಲ್ಲಿ ಚುರುಕು. ಅದು ಮೆಣಸೆಂದರೆ ಮೆಣಸು. ಆದರೆ ಕಲ್ಲಿನ ಮೇಲಿನ ನಮ್ಮ ಮೆಣಸನ್ನು ಮೂಸಿದಾಗ ಅದರ ಮುಂದೆ ಇದು ಬಡವಾಯಿತು. ಕೊಕ್ಕೋದ ಹೋಲಿಕೆ ಮಾತ್ರ ನಿಜ. ರಾಶಿಯನ್ನು ಮೂರನೆಯ ದಿನ ಮಗುಚುವಾಗ ಏಳುವ ಹುಳಿಗಂಪು ಹೊಗೆಯ ಹಿಂಬದಿಯಲ್ಲಿ ನಿಂತಿತ್ತು. ಚೀಟಿಯಲ್ಲಿ ಬರೆಯದ ಒಂದು ರುಚಿಯೂ ಬಂದಿತು: ಮಾವಿನಮಿಡಿ. ಅದು ನಮ್ಮ ಭರಣಿಯ ಕೊಡುಗೆ. ಬೂದಿ ಬೆಳ್ಳಗೆ, ಬೆರಳಿನಷ್ಟುದ್ದ ಬೀಳದೆ ನಿಂತಿತು. ಇಷ್ಟು ವರ್ಷ ಬಿಟ್ಟಿದ್ದ ಶರೀರಕ್ಕೆ ಹತ್ತು ನಿಮಿಷದಲ್ಲೇ ತಲೆ ಹಗುರಾಗಿ, ಹಣೆಯಲ್ಲಿ ಬೆವರೊಡೆಯಿತು. ಸುಖವಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳು ಹೇಳಿ ಫಲವೇನು? ಆದರೆ ಅದು ಕಳೆದುಹೋದ ಮನೆಯ ಕಿಟಕಿಯೊಳಗೆ ಇಣುಕಿದ ಸುಖ, ಒಳಗೆ ಹೋಗುವ ಮನಸ್ಸಾಗಲಿಲ್ಲ.

ಮೂರನೆಯ ಒಂದು ಪಾಲು ಉರಿದು ಮುಗಿಯುವಲ್ಲಿಗೆ, ಬೆಂಕಿ ಎಡದ ಬದಿಯಲ್ಲಿ ಸರಸರನೆ ಮುಂದೆ ಓಡಿತು. ಬಲದ ಎಲೆ ಹಾಗೆಯೇ ನಿಂತಿತು. ನೋಡುತ್ತಿದ್ದಂತೆ ಚುರುಟಿನ ಬಾಯಿ ಓರೆಯಾಯಿತು. ಅಕ್ಕನ ಬೆರಳು ನಿಂತಿದ್ದ ಸ್ಥಳವೇ!

“ಓಡಿತಲ್ಲ?” ಎಂದು ಬೇಲಿಯ ಆಚೆಯಿಂದ ಕೇಳಿಸಿತು. ಅವರು ತಲೆಯೆತ್ತಿಯೂ ಇರಲಿಲ್ಲ.

ಬೆಂಕಿಯನ್ನು ಕಲ್ಲಿಗೊ ತ್ತಿ ಆರಿಸಿದೆನು. ಮನೆಯಾಕೆಯ ಷರತ್ತೂ ಅಷ್ಟೇ ಆಗಿತ್ತು. ಉಳಿದ ತುಂಡನ್ನು ಹಿಡಿದುಕೊಂಡು ಬೇಲಿ ಸುತ್ತಿ ಅವರ ಜಗಲಿಗೆ ಹೋದೆನು. ಕುಳಿತುಕೊಳ್ಳಲು ಮಣೆ ಸರಿಸಿದರು.

“ಅಕ್ಕ, ಆ ದಿನದ ಎರಡು ಕಟ್ಟು ಒಳ್ಳೆಯವೇ ಆಗಿದ್ದುವು. ನಾನು ಒಂದನ್ನು ಸೇದಿ ನೋಡಿದ್ದೆ.”

ಅವರು ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದರು. “ಅದರಲ್ಲಿ ಒಂದು ಕಟ್ಟು ನಾನು ಕಟ್ಟಿದ್ದು. ಮೊದಲ ಸಲ ಅಮ್ಮ ನನ್ನದನ್ನು ತನ್ನದರ ಜತೆ ಸೇರಿಸಿದ್ದಳು. ನೀವು ತಳ್ಳಿದ್ದು ನನ್ನದನ್ನೇ ಎಂದು ಅವಳಿಗಾಯಿತು. ಮತ್ತೆ ಆರು ತಿಂಗಳು ನನ್ನಿಂದ ಎಲೆ ಮಾತ್ರ ಕತ್ತರಿಸಿದಳು, ಕಟ್ಟಲು ಬಿಡಲಿಲ್ಲ. ನನ್ನ ಕೈಯೇ ಸರಿಯಿಲ್ಲವೆಂದು ನನಗೂ ಬಹಳ ಕಾಲ ಇತ್ತು.”

“ಅಮ್ಮನಿಗೆ ಆಮೇಲೆ ತಿಳಿಯಿತೇ?”

“ಎಂಥದು?”

“ಬೀಡಿಯಲ್ಲಿ ದೋಷವಿರಲಿಲ್ಲವೆಂದು.”

“ಅವಳು ತೀರಿಹೋಗಿ ಮೂವತ್ತು ವರ್ಷವಾಯಿತಲ್ಲ, ಮಾಷ್ಟ್ರೆ.”

ಒಳಗೆ ಅವರ ಮೊಮ್ಮಗಳು ದೀಪ ಹಚ್ಚಿದಳು. ಮಾರ್ಗದಲ್ಲಿ ಮೂಡುಬಿದಿರೆಯ ಕಡೆಯ ಬಸ್ಸು ಹೋಯಿತು. ನಾನು ಏಳಲು ನೋಡಿದೆನು. “ಆ ತುಂಡು ಕೊಡಿ, ಬಿಚ್ಚಿ ನೋಡುವ, ಹೊಟ್ಟೆ ಖಾಲಿ ಯಾಕಾಯಿತೆಂದು” ಎಂದರು. ಕತ್ತರಿಯಿಂದ ಸುಟ್ಟ ಭಾಗವನ್ನು ತೆಗೆದು, ಹೊದಿಕೆಯೆಲೆಯ ಅಂಚನ್ನು ಉಗುರಿನಿಂದ ಎಬ್ಬಿಸಿ, ಸೀಳದಂತೆ ಸುರುಳಿಯನ್ನು ಬಿಚ್ಚುತ್ತ ಬಂದರು. ರೇಷ್ಮೆಯಂಥ ಎಲೆ. ಒಳಗಿನ ಉದ್ದೆಲೆಗಳಲ್ಲಿ ಒಂದು ನಡುವೆ ತಿರುಚಿಕೊಂಡು ಮುದುಡಿತ್ತು. ಅದರ ಪಕ್ಕದಲ್ಲಿ ಸಣ್ಣದೊಂದು ಪೊಳ್ಳು. ನನಗೆ ತೋರಿಸಿದರು. “ಕೈಗೆ ಅವಸರವಾಗಿದೆ. ಪಾಪ, ಅದೂ ಸಂಜೆ ಹೊತ್ತಿನದ್ದಿರಬೇಕು” ಎಂದರು.

ಬಳಿಕ ಆ ಹೊದಿಕೆಯೆಲೆಯನ್ನು ಮೊರದಲ್ಲಿ ಹರಡಿ, ತಮ್ಮ ತಗಡಿನ ಅಳತೆಯನ್ನು ಅದರ ಮೇಲಿಟ್ಟು, ಒಂದು ತುಂಡು ಕತ್ತರಿಸಿದರು. ಒಳಗಿನ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ ಅದರಲ್ಲಿ ತುಂಬಿ ಉರುಳಿಸಿದರು. ತುದಿ ಮಡಚಿ, ನೂಲು ಸುತ್ತಿ, ಹಲ್ಲಿನಿಂದ ನೂಲನ್ನು ಕಡಿದು ನನ್ನ ಕೈಗೆ ಕೊಟ್ಟರು.

“ನೋಡಿ. ಪಾಸೋ?”

ನಾನು ಅದನ್ನು ಬೆಳಕಿಗೆ ಹಿಡಿಯದೆ ಅಂಗಿಯ ಜೇಬಿನಲ್ಲಿಟ್ಟುಕೊಂಡೆನು. ಅಳಿಯನಿಗೆ ಬರೆದ ಕಾಗದದಲ್ಲಿ ಮೆಣಸು, ಕೊಕ್ಕೋ, ಮಾವಿನಮಿಡಿ, ಬೂದಿಯ ಬಣ್ಣ, ಬೆಂಕಿ ಓರೆಯಾದ ಸ್ಥಳ ಎಲ್ಲವನ್ನೂ ವಿವರವಾಗಿ ಬರೆದಿದ್ದೇನೆ. ಪರೀಕ್ಷಕರ ಹೆಸರಿನ ಜಾಗದಲ್ಲಿ ಇಬ್ಬರ ಹೆಸರನ್ನೂ ಬರೆದು, ಅವರದನ್ನು ಮೊದಲು ಬರೆದೆನು. ಕೊರಳಿನ ಚಿನ್ನದ ಪಟ್ಟಿಯು ಅವರ ಮೊಮ್ಮಗಳ ಹೆಬ್ಬೆರಳಿನಲ್ಲಿ ನಾಲ್ಕು ದಿನವಿತ್ತು.